ಬ್ರೇಕ್ ಹಿಡಿಯುತ್ತಿಲ್ಲ, ಸರ್ವೋ ಹಾಕಿಸಲೇ?

ಎಂಜಿಬಿ, ಟ್ರಯಂಫ್ ಥರದ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉತ್ತರ: ಈಗಲೇ ಬೇಡ. ಸರ್ವೋ (ಎಂಜಿನ್ನಿನ ಹೀರುವ ಬಲದಿಂದ ಬ್ರೇಕ್ ಒತ್ತಲು ನೆರವಾಗುವ ಸಾಧನ) ಕಾಲಿನ ಶ್ರಮ ಇಳಿಸುತ್ತದೆ, ಅಷ್ಟೇ. ಕೆಟ್ಟಿದ್ದನ್ನು ರಿಪೇರಿ ಮಾಡುವುದಿಲ್ಲ. 1962ರಲ್ಲಿ ಬಂದ ಮೊದಲ ಎಂಜಿಬಿಗಳಿಗೆ ಸರ್ವೋ ಇರಲೇ ಇಲ್ಲ. ಅಂಥ ಕಾರಿನ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಪೆಡಲ್ ಏನು ಹೇಳುತ್ತಿದೆ ಕೇಳಿ.

ಒಂದು ಸಲ ತುಳಿದರೆ ಆಳಕ್ಕೆ ಹೋಗಿ, ತಕ್ಷಣ ಇನ್ನೊಮ್ಮೆ ತುಳಿದಾಗ ಮೇಲೆಯೇ ಸಿಗುತ್ತದೆಯೇ? ಹಾಗಿದ್ದರೆ ಬಹುಮಟ್ಟಿಗೆ ಹಿಂದಿನ ಡ್ರಮ್ ಅಡ್ಜಸ್ಟ್‌ಮೆಂಟ್ ತಪ್ಪಿದೆ. ಮುಂದಿನ ಡಿಸ್ಕ್ ತಾನೇ ಸರಿಹೊಂದಿಸಿಕೊಳ್ಳುತ್ತದೆ, ಡ್ರಮ್ ಹಾಗಲ್ಲ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಜ್ಯಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹ್ಯಾಂಡ್‌ಬ್ರೇಕ್ ಬಿಡಿ. ಬ್ಯಾಕ್‌ಪ್ಲೇಟ್ ಹಿಂದಿನ ಚೌಕ ತಲೆಯ ಅಡ್ಜಸ್ಟರನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಒಂದೆರಡು ಹಲ್ಲು ಹಿಂದಕ್ಕೆ ಬಿಡಿ. ಪೆಡಲ್ ಜೋರಾಗಿ ತುಳಿದು ಶೂಗಳನ್ನು (ಡ್ರಮ್ಮಿಗೆ ಒಳಗಿಂದ ಒತ್ತುವ ಪಟ್ಟಿಗಳು) ಮಧ್ಯಕ್ಕೆ ಕೂರಿಸಿ, ಮತ್ತೆ ನೋಡಿ. ಸಣ್ಣಗೆ ಉಜ್ಜುವ ಸದ್ದು ಬಂದರೆ ಚಿಂತೆಯಿಲ್ಲ. ಇದಾದ ಮೇಲೂ ಮೊದಲ ತುಳಿತ ಆಳಕ್ಕೇ ಹೋದರೆ ಮುಂದಿನ ಚಕ್ರದ ಬೇರಿಂಗ್ ಅಲ್ಲಾಡಿಸಿ ನೋಡಿ. ಬೇರಿಂಗ್ ಸಡಿಲವಾಗಿದ್ದರೂ ಡಿಸ್ಕ್ ಸೊಟ್ಟಗಾಗಿದ್ದರೂ ಅದು ಡಿಸ್ಕನ್ನು ಹಿಡಿಯುವ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ.

ಪೆಡಲ್ ಸ್ಪಾಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಆಯಿಲಿನೊಳಗೆ ಗಾಳಿ ಇದೆ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ. ಎಂಜಿಬಿಯಲ್ಲಿ ಮುಂದೆ ಎರಡು, ಹಿಂದೆ ಒಂದು ಹೋಸ್. ದುಂಡು ಅಂಚಿನ ಹೋಸ್ ಕ್ಲ್ಯಾಂಪ್‌ನಿಂದ ಮೂರನ್ನೂ ಬಿಗಿಯಿರಿ (ಬಿರುಕು ಬಿಟ್ಟ ಹೋಸಿಗೂ ಸ್ಟೀಲ್ ಹೆಣಿಗೆಯ ಹೋಸಿಗೂ ಕ್ಲ್ಯಾಂಪ್ ಬೇಡ). ಪೆಡಲ್ ಕಲ್ಲಿನಂತಾದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳತ್ತ ಒತ್ತುವ ಭಾಗ) ಸರಿಯಾಗಿದೆ. ಇನ್ನು ಒಂದೊಂದಾಗಿ ಬಿಡುತ್ತಾ ಬನ್ನಿ; ಯಾವುದನ್ನು ಬಿಟ್ಟಾಗ ಮೆತ್ತಗಾಯಿತೋ ದೋಷ ಆ ಕಡೆ.

ಎಷ್ಟು ಸಲ ಏರ್ ತೆಗೆದರೂ ಮತ್ತೆ ಮೆತ್ತಗಾಗುತ್ತಿದ್ದರೆ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಎಲ್ಲಿದೆ ಎಂದು ನೋಡಿ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ನಗು ಬರಿಸುವ ತಪ್ಪು, ಆದರೆ ಅಪರೂಪವೇನಲ್ಲ.

ಹೊರಗೆ ಎಲ್ಲೂ ಸೋರದೆ, ಕಾಲಿಟ್ಟಂತೆ ಪೆಡಲ್ ನಿಧಾನಕ್ಕೆ ಕುಸಿದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಅನೇಕ ಸಲ ಏರ್ ತೆಗೆಯುವಾಗಲೇ ಅದನ್ನು ಹಾಳು ಮಾಡಿಕೊಳ್ಳುತ್ತೇವೆ: ಪೆಡಲನ್ನು ತಳದವರೆಗೂ ತುಳಿದಾಗ ಸೀಲ್ ತಾನೆಂದೂ ಮುಟ್ಟದ ತುಕ್ಕಿನ ಜಾಗದ ಮೇಲೆ ಓಡಿ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟುಕೊಂಡು ಏರ್ ತೆಗೆಯಿರಿ.

ಪೆಡಲ್ ಗಟ್ಟಿ, ಆದರೆ ಕಾರು ನಿಲ್ಲುವುದಿಲ್ಲ ಎಂದಾದರೆ ಡ್ರಮ್ ಬಿಚ್ಚಿ. ಆಕ್ಸೆಲ್ ಸೀಲಿನಿಂದ ಇಳಿದ ಎಣ್ಣೆ ಕುಡಿದ ಶೂಗಳನ್ನು ತೊಳೆದು ಪ್ರಯೋಜನವಿಲ್ಲ, ಜೋಡಿಯಾಗಿ ಬದಲಿಸಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಜಿನಂತೆ ಹೊಳೆಯುವ ಪ್ಯಾಡ್ ಕೂಡ ಹಿಡಿಯುವುದಿಲ್ಲ. ಮಾಸ್ಟರ್ ಸಿಲಿಂಡರನ್ನು ಯಾರಾದರೂ ಬದಲಿಸಿದ್ದರೆ ಅದರ ಬೋರ್ (ಒಳ ವ್ಯಾಸ) ಅಳೆಯಿರಿ: 3/4 ಇಂಚಿನ ಜಾಗದಲ್ಲಿ 7/8 ಕೂತಿದ್ದರೆ, ಅದೇ ತುಳಿತಕ್ಕೆ ಸಿಗುವ ಒತ್ತಡ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ.

ಘಾಟಿ ಇಳಿಯುವಾಗ ಮಾತ್ರ ಬ್ರೇಕ್ ಮಾಯವಾದರೆ ಬ್ರೇಕ್ ಆಯಿಲ್ ಹಳತಾಗಿರಬಹುದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಸಿಲಿಕೋನಿನ ಡಾಟ್ 5 ಅನ್ನು ಅದಕ್ಕೆ ಬೆರೆಸಲೇಬೇಡಿ.

ಇಷ್ಟೆಲ್ಲ ಸರಿಯಾದ ಮೇಲೂ ಕಾಲು ಸೋಲುತ್ತದೆ ಎಂದಾದರೆ ಸರ್ವೋ ಹಾಕಿಸಿ. ಪೆಡಲ್‌ನಿಂದ ದೂರ ಕೂರುವ ಬಗೆಯದಾದರೆ ಬ್ರೇಕ್ ಆಯಿಲ್ ಮಟ್ಟದ ಮೇಲೆ ಕಣ್ಣಿರಲಿ. ಎಲ್ಲೂ ಸೋರದೆ ಆಯಿಲ್ ಇಳಿಯುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ, ಸರ್ವೋ ಸೀಲ್ ಹರಿದು ಬ್ರೇಕ್ ಆಯಿಲನ್ನು ಎಂಜಿನ್ ಕುಡಿಯುತ್ತಿದೆ.