412 ಫೂಟಿನಲ್ಲಿ ಸಿಕ್ಕಿದ್ದು

ಹೋದ ಬೇಸಿಗೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಮಾಮಾನ ಫೋನ್ ಬಂತು. ಮುಳಗುಂದದ ಹತ್ತಿರ ಅವರದು ಎರಿ ಹೊಲ, ಅದರಲ್ಲೊಂದು ಬೋರು. "ಮೋಟರ್ ಎತ್ತಬೇಕಾರ ಪೈಪ್ ಕಿತ್ಕೊಂಡು ಒಳಗ ಬಿದ್ದೈತಿ. ಕ್ಯಾಮೆರಾದವ್ರು ಬರಾಕತ್ತಾರ. ನೀ ಬಾ" ಅಂದವರೇ ಇಟ್ಟುಬಿಟ್ಟರು. ನಾನು ಹುಬ್ಬಳ್ಳಿಯಲ್ಲಿ ಫ್ಯಾನಿನ ಕೆಳಗೆ ಕೂತು ಅಂಗಡಿಯವರ ಜಿಎಸ್‌ಟಿ ಲೆಕ್ಕ ಬರೆಯುವವನು. ನಾನು ಹೋಗಿ ಏನು ಮಾಡಬೇಕು? ಆದರೆ ಮಾಮಾ ಬಾ ಅಂದರೆ ಅಳಿಯ ಹೋಗಬೇಕು, ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಗದಗಿನ ಬಸ್ ಹತ್ತಿದೆ.

ಹೊಲ ಮುಟ್ಟಿದಾಗ ಹತ್ತೂವರೆ. ಬೋರಿನ ಸುತ್ತ ಹದಿನೈದು ಮಂದಿ. ಇಬ್ಬರಿಗೆ ಕೆಲಸ, ಉಳಿದವರದು ಬರೀ ಸಲಹೆ.

ಕ್ಯಾಮೆರಾ ಅಂದರೆ ಒಂದು ಮೊಳದ ಉಕ್ಕಿನ ಕೊಳವೆ. ತುದಿಗೆ ಗಾಜು, ಗಾಜಿನ ಸುತ್ತ ಸಣ್ಣ ಬಲ್ಬುಗಳ ಬಳೆ. ಕೇಬಲ್ಲು ಒಂದು ಗಾಲಿಗೆ ಸುತ್ತಿಕೊಂಡಿದೆ, ಗಾಲಿ ತಿರುಗಿದಂತೆ ಎಷ್ಟು ಫೂಟು ಇಳಿಯಿತು ಅನ್ನೋದು ಪರದೆಯ ಮೂಲೆಯಲ್ಲಿ ಬೀಳುತ್ತದೆ. ಆದರೆ ಆ ಬಿಸಿಲಿಗೆ ಪರದೆಯಲ್ಲಿ ನಮ್ಮ ಮುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಾಮಾ ಗುಡಿಸಲಿಂದ ಕಂಬಳಿ ತಂದರು. ಕ್ಯಾಮೆರಾದವನು, ಮಾಮಾ, ನಾನು, ಮೂವರೂ ಕಂಬಳಿಯೊಳಗೆ ತಲೆ ಹಾಕಿ ಕೂತೆವು. ಮಾಮಾನ ಮಗಳ ಮಗ, ಐದನೇ ಕ್ಲಾಸಿನವನು, ಸೂಟಿಗೆ ಬಂದಿದ್ದ, ಅವನೂ ಮೊಣಕಾಲುಗಳ ನಡುವೆ ನುಸುಳಿದ. ಒಳಗೆ ಕುರಿ ಉಣ್ಣೆಯ ವಾಸನೆ, ಬೆವರು, ಮೇಲೆ ಮಾಮಾನ ಬೀಡಿ.

"ಬಿಡ್ಲ್ಯಾ?" ಅಂದ ಹೊರಗೆ ಗಾಲಿ ಹಿಡಿದವನು.

"ಬಿಡು. ಸಾವಕಾಶ."

ಮೊದಲು ಕೇಸಿಂಗ್ ಪೈಪಿನ ನುಣ್ಣನೆ ಗೋಡೆ. ಅರವತ್ತು ಫೂಟಿಗೆ ಅದು ಮುಗಿದು ಕಲ್ಲು ಶುರುವಾಯಿತು. ಬೂದು ಬಣ್ಣ, ಅಲ್ಲಲ್ಲಿ ಹಸಿರು, ಒಂದು ಕಡೆ ಅಡ್ಡಕ್ಕೆ ಹರಿದ ಬಿಳಿ ಗೆರೆ. ಆರೂವರೆ ಇಂಚಿನ ತೂತು, ಪರದೆಯ ಮೇಲೆ ಮಾತ್ರ ಗವಿಯಷ್ಟು ಅಗಲ. ಹುಡುಗ ಉಸಿರು ಬಿಗಿಹಿಡಿದಿದ್ದ. ನಾನೂ ಬಿಗಿಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು.

ಯಾಕೆಂದರೆ ಈ ದಾರಿ ನಾನು ಮೊದಲೇ ನೋಡಿದ್ದೆ. ಆಗ ನಾನು ಏಳನೇ ಕ್ಲಾಸು. ಬೆಟಗೇರಿಯಲ್ಲಿ ಅಜ್ಜಿಯ ಮನೆಯ ಅಟ್ಟದಲ್ಲಿ ರಟ್ಟು ಹರಿದ ಒಂದು ಪುಸ್ತಕ ಸಿಕ್ಕಿತ್ತು. ಮೊದಲ ಪುಟಗಳಿಲ್ಲ, ಬರೆದವರ ಹೆಸರಿಲ್ಲ. ಒಬ್ಬ ಸಿಡುಕು ಪ್ರೊಫೆಸರ್, ಅವನ ಹಿಂದೆ ಒಲ್ಲದ ಮನಸ್ಸಿನ ಅಳಿಯ, ಜೊತೆಗೆ ಮಾತೇ ಆಡದ ಒಬ್ಬ ಆಳು. ಮೂವರೂ ಐಸ್‌ಲ್ಯಾಂಡಿನ ಒಂದು ಆರಿದ ಜ್ವಾಲಾಮುಖಿಯ ಬಾಯೊಳಗೆ ಹಗ್ಗ ಹಿಡಿದು ಇಳಿಯುತ್ತಾರೆ. ಅದು ಜೂಲ್ ವೆರ್ನ್ 1864ರಲ್ಲಿ ಬರೆದ ಭೂಮಿಯ ನಡುವಿಗೆ ಹೋಗುವ ಕತೆ ಅಂತ ಗೊತ್ತಾಗಿದ್ದು ಧಾರವಾಡದಲ್ಲಿ ಕಾಲೇಜಿಗೆ ಹೋದ ಮೇಲೆ. ಮೂಲದಲ್ಲಿ ಆ ಪ್ರೊಫೆಸರ್ ಕಾಕಾನೋ ಮಾಮಾನೋ ಅನ್ನೋದು ಅವರ ಭಾಷೆಯ ಒಂದೇ ಶಬ್ದದಿಂದ ತಿಳಿಯುವುದಿಲ್ಲ. ನಾನಂತೂ ಮಾಮಾ ಅಂತಲೇ ಓದಿಕೊಂಡೆ. ಆ ಸಿಡುಕು, ಆ ಅವಸರ, ಎದುರು ಮಾತಾಡಿದರೆ ಕೆಂಪಾಗುವ ಮುಖ, ಎಲ್ಲಾ ನಮ್ಮ ಮಾಮಾನದೇ.

"ಏನ್ರಿ ಅದು, ಮಿಂಚಾಕತ್ತಿದ್ದು?" ಅಂದರು ಮಾಮಾ.

"ಸೆಲಿ ಐತ್ರಿ ಅದು. ನೀರ ಸೆಲಿ."

210 ಫೂಟು. ಕಲ್ಲಿನ ಸಣ್ಣ ಬಿರುಕಿನಿಂದ ನೀರು ಒಸರಿ ಗೋಡೆಗುಂಟ ಇಳಿಯುತ್ತಿತ್ತು. ಕ್ಯಾಮೆರಾದ ಬೆಳಕಿಗೆ ಬೆಳ್ಳಿ ದಾರ ಕಂಡ ಹಾಗೆ. ಹದಿನಾರು ವರ್ಷ ಆ ನೀರು ಕುಡಿದ ಮನುಷ್ಯ ಮಾಮಾ. ಅದು ಎಲ್ಲಿಂದ ಬರುತ್ತದೆ ಅಂತ ಅವತ್ತೇ ಮೊದಲ ಸಲ ನೋಡಿದ್ದು. ಬೀಡಿ ಆರಿಹೋಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

340ಕ್ಕೆ ನೀರು ಮುಟ್ಟಿತು. ಪರದೆ ಒಮ್ಮೆ ಅಲುಗಿ ಮಸುಕಾಯಿತು. ಆಮೇಲೆ ಕತ್ತಲೆಯಲ್ಲಿ ಬಿಳಿ ಧೂಳಿನ ಕಣಗಳು ನಮ್ಮ ಕಡೆ ಹಾರಿ ಬರತೊಡಗಿದವು. "ಚುಕ್ಕಿ!" ಅಂದ ಹುಡುಗ. ನಿಜವಾಗಲೂ ಆಕಾಶದೊಳಗೆ ಹೊರಟಂತೆ ಇತ್ತು. 412ಕ್ಕೆ ಮುರಿದ ಪೈಪಿನ ಬಾಯಿ, ಓರೆಯಾಗಿ, ಹಲ್ಲು ಕಿರಿದಂತೆ. ಕಂಬಳಿಯೊಳಗಿಂದ ನಾಲ್ಕೂ ಜನ ಒಟ್ಟಿಗೆ ಕೂಗಿದೆವು. ಹೊರಗಿನವರು ಮೋಟರ್ ಮೇಲೆ ಬಂದೇಬಿಟ್ಟಿತು ಅಂದುಕೊಂಡರಂತೆ.

ಬಿದ್ದ ಪೈಪನ್ನು ಹಿಡಿದೆತ್ತುವ ಕೊಂಡಿ ಮಾಡಿಸಿಕೊಂಡು ಬರಲು ಒಬ್ಬ ಗದಗಿಗೆ ಹೋದ. ಅವನು ಬರುವವರೆಗೆ ಕೆಲಸ ಇಲ್ಲ. ಬೇವಿನ ಗಿಡದ ಕೆಳಗೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಊಟ ಆದ ಮೇಲೆ ಹುಡುಗ ಕೇಳಿದ, "ಕಾಕಾ, ಅದರ ಕೆಳಗ ಏನೈತಿ?" ಕಲ್ಲು ಅಂದೆ. "ಅದರ ಕೆಳಗ?" ಹೀಗೆ ನಾಲ್ಕು ಸಲ ಆದ ಮೇಲೆ ಆ ಕತೆ ಹೇಳದೆ ಬೇರೆ ದಾರಿ ಉಳಿಯಲಿಲ್ಲ.

ಹೇಳುತ್ತಾ ಹೋದ ಹಾಗೆ ಒಂದು ವಿಚಾರ ಹೊಳೆಯಿತು. ನನಗೆ ಇಷ್ಟು ವರ್ಷ ನೆನಪಿದ್ದದ್ದು ಕತೆಯಲ್ಲಿ ಬರುವ ಭೂಮಿಯೊಳಗಿನ ಸಮುದ್ರವಲ್ಲ, ಅದರಲ್ಲಿ ಹೊಡೆದಾಡುವ ದೈತ್ಯ ಪ್ರಾಣಿಗಳೂ ಅಲ್ಲ. ಸಾಮಾನು. ಹಗ್ಗ ಎಷ್ಟುದ್ದ, ಗುದ್ದಲಿ ಯಾರ ಬೆನ್ನಿಗೆ, ಥರ್ಮಾಮೀಟರ್ ಎಷ್ಟು ತೋರಿಸಿತು, ನೀರು ಎಷ್ಟು ದಿನಕ್ಕೆ ಸಾಕು. ವೆರ್ನ್ ಸುಳ್ಳು ಹೇಳುವಾಗಲೂ ಪಾವತಿ ಇಟ್ಟುಕೊಂಡು ಹೇಳುತ್ತಾನೆ! ಚಂದ್ರನಿಗೆ ಹೋಗುವ ಅವನ ಕತೆಯಲ್ಲೂ ಅಷ್ಟೇ. ಅಲ್ಲಿ ತೋಪು ಎರಕ ಹೊಯ್ಯಲು ಫ್ಲೋರಿಡಾದಲ್ಲಿ ಮೊದಲು ಬಾವಿ ತೋಡುತ್ತಾರೆ, 900 ಅಡಿ ಆಳ, 60 ಅಡಿ ಅಗಲ. ಎಚ್. ಜಿ. ವೆಲ್ಸ್ 1901ರಲ್ಲಿ ಬರೆದ ಚಂದ್ರನ ಕತೆಯಲ್ಲಿ ಗುರುತ್ವವನ್ನೇ ತಡೆಯುವ ಒಂದು ವಸ್ತು ತಂದು ಕೆಲಸ ಸಲೀಸು ಮಾಡಿಕೊಂಡ. ವೆರ್ನ್‌ಗೆ ಅದು ಸೇರಲಿಲ್ಲ. ವೆಲ್ಸ್ ದೊಡ್ಡವನೇ, ಅವನ ಕಾಲಯಂತ್ರದ ಕತೆ ಓದಿ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಆದರೆ ಬೋರಿನ ದಂಡೆಯಲ್ಲಿ ಕೂತವರಿಗೆ ಹೇಳಲು ವೆರ್ನ್‌ನೇ ಸರಿ. 900 ಅಡಿ ಅಂದ ಕೂಡಲೇ ಮಾಮಾ ಕೇಳಿದರು, "ನೀರು ಬೀಳ್ಲಿಲ್ಲೇನು?"

ಇನ್ನೊಂದು, ಭೂಮಿಯೊಳಗಿನ ಆ ಕತೆ ಹೇಳುವವನು ಧೈರ್ಯದ ಮಾವನಲ್ಲ, ಹೆದರುವ ಅಳಿಯ. ಹೊರಡುವ ಮೊದಲು ಕೋಪನ್‌ಹೇಗನ್‌ನಲ್ಲಿ ಅವನಿಗೆ ತಲೆ ತಿರುಗುತ್ತದೆ ಅಂತ ಮಾವ ಒಂದು ಚರ್ಚಿನ ಎತ್ತರದ ಗೋಪುರ ಹತ್ತಿಸುತ್ತಾನೆ. ಒಂದು ದಿನ ಅಲ್ಲ, ಐದು ದಿನ. ಇದನ್ನು ಹೇಳಿದಾಗ ನಮ್ಮ ಮಾಮಾ ತಮ್ಮ ಬಗ್ಗೆಯೇ ಹೇಳಿದಂತೆ ನಕ್ಕರು. ನನಗೆ ಈಜು ಕಲಿಸಲು ಭೀಷ್ಮಕೆರೆಗೆ ನೂಕಿದ್ದವರು ಅವರೇ.

"ಕಾಕಾ, ಅವ್ರ ಬ್ಯಾಟರಿಗೆ ಚಾರ್ಜ್ ಎಲ್ಲಿಂದ?" ಹುಡುಗನ ಪ್ರಶ್ನೆ. ಹರಿತ ಇದ್ದಾನೆ. ಅವರ ಕೈಯಲ್ಲಿದ್ದದ್ದು ರುಮ್‌ಕಾರ್ಫ್ ಸುರುಳಿಯ ವಿದ್ಯುತ್ ದೀಪ, ಬ್ಯಾಟರಿಯದೇ. ಮನೆಗಳಲ್ಲಿ ವಿದ್ಯುತ್ ದೀಪವೇ ಇಲ್ಲದ ಕಾಲದಲ್ಲಿ ವೆರ್ನ್ ಅದನ್ನು ಕೈಗೆ ಕೊಟ್ಟು ಇಳಿಸಿದ. ತಿಂಗಳುಗಟ್ಟಲೆ ಹೇಗೆ ಉರಿಯಿತು ಅಂದರೆ, ಅಲ್ಲಿ ಅವನು ಸ್ವಲ್ಪ ಜಾರಿಸಿದ್ದಾನೆ ಅಂತ ಒಪ್ಪಿಕೊಂಡೆ.

ತಪ್ಪು ಅಂದರೆ ಬಿಸಿಯದು. ಎಪ್ಪತ್ತು ಅಡಿಗೆ ಒಂದೊಂದು ಡಿಗ್ರಿ ಏರುತ್ತದೆ, ನಾವು ಬೆಂದುಹೋಗುತ್ತೇವೆ ಅಂತ ಅಳಿಯ ಮೊದಲೇ ವಾದ ಮಾಡುತ್ತಾನೆ. ಮಾವ ಕೇಳುವುದಿಲ್ಲ. ಅಳಿಯ ಹೇಳಿದ್ದೇ ಹೆಚ್ಚುಕಡಿಮೆ ಸರಿ. ಆದರೆ ಮಾವ ತಪ್ಪದಿದ್ದರೆ ಕತೆಯೇ ಇಲ್ಲ, ಅಲ್ವಾ? ರಷ್ಯಾದ ಕೋಲಾದಲ್ಲಿ 1970ರಿಂದ ಕೊರೆಯುತ್ತಾ ಹೋಗಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ತಳದಲ್ಲಿ 180 ಡಿಗ್ರಿ. ಕಲ್ಲು ಕಲ್ಲಿನಂತೆ ಇರದೆ ಮೆತ್ತಗಾಗಿ ಮುಂದೆ ಹೋಗಲು ಬಿಡಲಿಲ್ಲ. ಆ ತೂತಿನ ಅಗಲ ಬರೀ ಒಂಬತ್ತು ಇಂಚು. "ಅಂದ್ರ ನಮ್ಮದಕ್ಕಿಂತ ಎರಡೂವರಿ ಇಂಚ್ ಜಾಸ್ತಿ" ಅಂದರು ಮಾಮಾ, ಆಳದ ಬಗ್ಗೆ ಏನೂ ಅನ್ನದೆ. ನಲವತ್ತು ಸಾವಿರ ಫೂಟು ಮಾಮಾ ಅಂದೆ. ಭೂಮಿಯ ನಡುವಿಗೆ 6,371 ಕಿಲೋಮೀಟರ್, ಇವರು ಹೋದದ್ದು ಹನ್ನೆರಡು. ಚಂದ್ರನಿಗೆ 1969ರಲ್ಲಿ ಹೋಗಿಬಂದರು, ವೆರ್ನ್‌ನ ಜಲಾಂತರ್ಗಾಮಿಯ ಹೆಸರು ಹೊತ್ತ ನಾಟಿಲಸ್ 1958ರಲ್ಲಿ ಉತ್ತರ ಧ್ರುವದ ಹಿಮದ ಕೆಳಗೇ ಹಾದುಹೋಯಿತು. ಈ ಒಂದು ಕತೆ ಮಾತ್ರ ಇನ್ನೂ ಕತೆಯಾಗಿಯೇ ಉಳಿದಿದೆ. ನಮ್ಮ ಕಾಲ ಕೆಳಗೇ ಇರುವ ಜಾಗಕ್ಕೆ ಯಾರೂ ಹೋಗಿಲ್ಲ. ಹುಡುಗ ತನ್ನ ಚಪ್ಪಲಿ ತೆಗೆದು ನೆಲ ನೋಡಿದ.

ನೀರು ಮುಗಿದು ಅಳಿಯ ಸಾಯುವ ಸ್ಥಿತಿಗೆ ಬರುವ ಭಾಗ ಹೇಳುವಾಗ ಸಲಹೆ ಕೊಡುವ ಮಂದಿಯೂ ಹತ್ತಿರ ಸರಿದು ಕೂತಿದ್ದರು. ರಾತ್ರಿ ಆ ಮಾತಾಡದ ಆಳು ಹಾನ್ಸ್ ಎದ್ದು ಹೋಗುತ್ತಾನೆ. ಬಿಟ್ಟು ಓಡಿದ ಅಂದುಕೊಳ್ಳುತ್ತಾನೆ ಅಳಿಯ. ಅವನು ಹೋದದ್ದು ನೀರಿನ ಸದ್ದು ಹುಡುಕಿಕೊಂಡು. ಕಲ್ಲಿಗೆ ಕಿವಿ ಹಚ್ಚಿ, ಸದ್ದು ಎಲ್ಲಿ ಜೋರು ಅಂತ ಗುರುತು ಹಿಡಿದು, ಗುದ್ದಲಿಯಿಂದ ಕಡಿಯುತ್ತಾನೆ. ನೀರು ಚಿಮ್ಮುತ್ತದೆ. ಕೈಯಿಟ್ಟರೆ ಕುದಿಯುವ ನೀರು!

"ತೆಂಗಿನಕಾಯಿ ಇಲ್ಲ, ಬೇವಿನ ಕಡ್ಡಿ ಇಲ್ಲ. ಬರೇ ಕಿವಿ" ಅಂದ ಒಬ್ಬ. ಈ ಊರಲ್ಲಿ ಬೋರಿಗೆ ನೀರಿನ ಪಾಯಿಂಟ್ ನೋಡುವವನು ಅವನೇ ಅಂತ ಆಮೇಲೆ ತಿಳಿಯಿತು.

ಕೊಂಡಿ ಬಂತು. ಎರಡು ಸಲ ಹಿಡಿದು ಜಾರಿತು. ಮೂರನೇ ಸಲ ಕಚ್ಚಿತು. ಚೈನ್ ಪುಲ್ಲಿ ಕಿರಿಗುಟ್ಟುತ್ತಾ ಒಂದೊಂದೇ ಪೈಪು ಮೇಲೆ ಬಂದು, ಕೊನೆಗೆ ಕೆಸರು ಮೆತ್ತಿದ ಮೋಟರ್ ಹೊರಬಿದ್ದಾಗ ಐದೂವರೆ. ಕತೆಯಲ್ಲಿ ಆ ಮೂವರನ್ನು ಲಾವಾ ನೂಕಿ ಇಟಲಿಯ ಸ್ಟ್ರಾಂಬೊಲಿಯಲ್ಲಿ ಹೊರಗೆಸೆಯುತ್ತದೆ. ನಮ್ಮ ಮೋಟರಿಗೆ ಅಂಥ ವೈಭವ ಇರಲಿಲ್ಲ. ಬೋರಿನ ಬಾಯಿಗೆ ಮುಚ್ಚಳ ಹಾಕಿ ಬೋಲ್ಟ್ ಬಿಗಿದರು, ಮಗು ಇರುವ ಹೊಲ.

ಶನಿವಾರ ಅಲ್ವಾ, ಮಾಮಾ ಗುಡಿಸಲ ಕಟ್ಟೆಯ ಮೇಲೆ ಕೂತು ವಾರದ ಬಟವಡೆ ಶುರು ಮಾಡಿದರು. ನೋಟು ಎಣಿಸುವುದನ್ನು ನೋಡುತ್ತಿದ್ದಾಗ ನೆನಪಾಗಿ ಹೇಳಿದೆ, ಆ ಹಾನ್ಸ್‌ಗೂ ಶನಿವಾರವೇ ಪಗಾರ, ಅದು ಅವನ ಕರಾರು. ವಾರಕ್ಕೆ ಮೂರು ರಿಕ್ಸ್‌ಡಾಲರ್, ಖರ್ಚು ಮಾಡಲು ಅಂಗಡಿಯೇ ಇಲ್ಲದ ಭೂಮಿಯ ಹೊಟ್ಟೆಯೊಳಗೂ ಪ್ರೊಫೆಸರ್ ತಪ್ಪದೆ ಎಣಿಸಿಕೊಡುತ್ತಾನೆ.

ಮಾಮಾ ಎಣಿಸುವುದನ್ನು ನಿಲ್ಲಿಸಿದರು. "ನೀರು ಹುಡುಕಿ ಕೊಟ್ಟ ವಾರ? ಮ್ಯಾಲೆ ಏನರ ಕೊಟ್ರಿಲ್ಲೊ?"

ಆ ಹಳ್ಳಕ್ಕೆ ಅವನ ಹೆಸರು ಇಟ್ಟರು ಮಾಮಾ ಅಂದೆ.

"ಹೆಸರು ತೊಗೊಂಡು ಏನ್ ಮಾಡ್ತಾನ ಅಂವ" ಅಂದು, ಕೊಂಡಿ ಹಿಡಿದ ಹುಡುಗನ ಕೈಗೆ ಇನ್ನೂ ಇನ್ನೂರು ಹಾಕಿದರು.