ಕರಡಿ ಮರಿಯ ಮುಖ ಮಧ್ಯಾಹ್ನದವರೆಗೂ ಉಳಿಯಬೇಕು

ಗುರುವಾರ, 13 ನವೆಂಬರ್ 2025

ಮಗುವಿನ ಇಂದಿನ ಊಟದ ಡಬ್ಬಿ: ಅನ್ನದ ಕರಡಿ ಮರಿ, ಅದಕ್ಕೆ ಹೊದಿಸಿದ ಹಳದಿ ಮೊಟ್ಟೆಯ ಕಂಬಳಿ, ಕ್ಯಾರೆಟ್ ಹೂವು ಎರಡು, ಬೇಯಿಸಿದ ಬ್ರಾಕೊಲಿ. ಡಬ್ಬಿಯ ಅಳತೆ 400 ಮಿಲಿ. ಮುಚ್ಚಿದ್ದು ಬೆಳಗ್ಗೆ 7:10, ತೆರೆದದ್ದು ಮಧ್ಯಾಹ್ನ 12:15, ನಡುವೆ ಐಸ್ ಪ್ಯಾಕ್ ಇಟ್ಟ ಚೀಲದಲ್ಲಿತ್ತು. ಎಡಗಣ್ಣು ಸುಕ್ಕುಗಟ್ಟಿ ಮುದುಕ ಕರಡಿಯ ಕಣ್ಣಿನ ಹಾಗೆ ಆಗಿತ್ತು. ಉಳಿದದ್ದೆಲ್ಲ ಇಟ್ಟಲ್ಲೇ ಇತ್ತು.

ಸುಕ್ಕಿಗೆ ಕಾರಣ ಅನ್ನದ ಕಾವು. ಉಂಡೆಯ ಮೇಲ್ಮೈ ತಣ್ಣಗಾಗಿತ್ತು, ಒಳಗೆ ಬೆಚ್ಚಗೇ ಇತ್ತು. ಆ ಕಾವು ಹಬೆಯಾಗಿ ಮೇಲೇರಿ ಕಣ್ಣಿಗೆ ಕತ್ತರಿಸಿಟ್ಟ ನೋರಿಯನ್ನು, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು, ಒದ್ದೆ ಮಾಡಿತು. ನೋರಿಗೆ ಪಸೆ ತಗುಲಿದರೆ ಕುಗ್ಗುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ಬೆರಳಿಟ್ಟು ನೋಡಿದರೆ ಒಳಗಿನ ಕಾವು ಗೊತ್ತಾಗದು. ತೆಳುವಾದ ಸ್ಟೀಲ್ ಕಡ್ಡಿಯನ್ನು ಉಂಡೆಯ ನಡುವಿಗೆ ಚುಚ್ಚಿ, ಹತ್ತು ಎಣಿಸಿ, ಹೊರತೆಗೆದು ಮಣಿಕಟ್ಟಿಗೆ ತಾಗಿಸಿ. ಬೆಚ್ಚಗೆ ಅನ್ನಿಸಿದರೆ ಇನ್ನೂ ಕಾಯಬೇಕು. ಬೇಗ ತಣಿಯಬೇಕೆಂದರೆ ತಲೆಯನ್ನು ಚೆಂಡಿನಂತೆ ಗುಂಡಗೆ ಮಾಡದೆ ಎರಡೂವರೆ ಸೆಂಟಿಮೀಟರ್ ದಪ್ಪದ ಬಿಲ್ಲೆಯಂತೆ ಒತ್ತಿ. ಡಬ್ಬಿಯಲ್ಲಿ ಮೇಲಿನಿಂದ ನೋಡುವಾಗ ಎರಡೂ ಒಂದೇ ಥರ ಕಾಣುತ್ತವೆ.

ಜಪಾನಿನಲ್ಲಿ ಇಂಥ ಡಬ್ಬಿಗೆ ಕ್ಯಾರಾಬೆನ್ ಎನ್ನುತ್ತಾರೆ. ಕ್ಯಾರೆಕ್ಟರ್ (ಪಾತ್ರ), ಬೆಂಟೊ (ಬುತ್ತಿ) ಎರಡು ಪದಗಳನ್ನೂ ಮೊಟಕು ಮಾಡಿ ಜೋಡಿಸಿದ ಹೆಸರು. ಫೋಟೊದಲ್ಲಿ ಚೆಂದ ಕಾಣುವ ಡಬ್ಬಿ ಬೇರೆ, ಐದು ಗಂಟೆ ಮುಚ್ಚಿಟ್ಟು ಚೀಲದಲ್ಲಿ ಅಲುಗಾಡಿದ ಮೇಲೂ ಮುಖ ಮುಖವಾಗಿಯೇ ಇರುವ ಡಬ್ಬಿ ಬೇರೆ. ಇಲ್ಲಿ ಬರೆದದ್ದೆಲ್ಲ ಎರಡನೆಯದಕ್ಕೆ. ಅದನ್ನು ಕೆಡಿಸುವುದು ಪಸೆ ಮತ್ತು ಅಲುಗಾಟ, ಮಗುವಿನ ಹೊಟ್ಟೆಯನ್ನು ಕೆಡಿಸುವುದು ಕಾವು.

ಅಳತೆ ಮೊದಲು. ನಾಲ್ಕರಿಂದ ಆರು ವರ್ಷದ ಮಗುವಿಗೆ 350ರಿಂದ 450 ಮಿಲಿ ಡಬ್ಬಿ ಸಾಕು. ಅನ್ನ ಮೂರು ಪಾಲು, ತರಕಾರಿ ಎರಡು ಪಾಲು, ಮೊಟ್ಟೆ, ಕಾಳು ಅಥವಾ ಮಾಂಸ ಒಂದು ಪಾಲು ಎಂದು ಸಂದಿಲ್ಲದಂತೆ ತುಂಬಿದರೆ, ಡಬ್ಬಿ ಎಷ್ಟು ಮಿಲಿಯೋ ಸುಮಾರು ಅಷ್ಟೇ ಕಿಲೋಕ್ಯಾಲರಿ ಎಂಬ ಲೆಕ್ಕವೂ ಬೆಂಟೊ ಕಟ್ಟುವವರಲ್ಲಿ ಉಂಟು. ಇಂದಿನ ಕರಡಿಗೆ ಹಿಡಿದದ್ದು: ತಲೆಗೆ 90 ಗ್ರಾಂ ಅನ್ನ, ಕಿವಿಗೆ ಎಂಟೆಂಟು ಗ್ರಾಂ, ಮೂತಿಗೆ 10 ಗ್ರಾಂ ಬಿಳಿ ಅನ್ನ. ಕಂಬಳಿಯ ಕೆಳಗೆ ಮೈ ಎಂದು 25 ಗ್ರಾಂ. ಕಣ್ಣಂದಾಜಿನಲ್ಲಿ ಮಾಡಿದರೆ ಒಂದು ಕಿವಿ ಯಾವಾಗಲೂ ದೊಡ್ಡದಾಗುತ್ತದೆ. ತಕ್ಕಡಿ ಇಟ್ಟುಕೊಳ್ಳುವುದು ಅದಕ್ಕೇ.

ಅನ್ನ ಯಾವುದು ಎಂಬುದೇ ಅರ್ಧ ಕೆಲಸ. ಗಿಡ್ಡ, ದುಂಡು ಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಅಮೈಲೊಪೆಕ್ಟಿನ್ ಎಂಬ ಅಂಟು ಪಿಷ್ಟ ಹೆಚ್ಚು, ಹಾಗಾಗಿ ಕಾಳಿಗೆ ಕಾಳು ಅಂಟುತ್ತದೆ. ಉದ್ದ ಕಾಳಿನ ಅಕ್ಕಿಯಲ್ಲಿ ಇದು ತಿರುವುಮುರುವು. ಉದುರುದುರಾದ ಅನ್ನದಿಂದ ಕಿವಿ ನಿಲ್ಲಿಸಲು ಹೋಗುವುದು ಒಣ ಮರಳಲ್ಲಿ ಗೋಪುರ ಕಟ್ಟಿದಂತೆ. ಮನೆಯಲ್ಲಿ ಅದೊಂದೇ ಇದ್ದರೆ ನೀರು ಹೆಚ್ಚು ಹಾಕಿ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಅರ್ಧದಷ್ಟು ಕಾಳುಗಳನ್ನು ಅರೆದುಕೊಳ್ಳಿ. ಅಷ್ಟಾದರೂ ಕಿವಿಯನ್ನು ನಿಲ್ಲಿಸದೆ ತಲೆಯ ಪಕ್ಕಕ್ಕೆ ಮಲಗಿಸಿ ಒತ್ತುವುದೇ ವಾಸಿ.

ಬಣ್ಣಕ್ಕೆ 100 ಗ್ರಾಂ ಬಿಸಿ ಅನ್ನಕ್ಕೆ ಅರ್ಧ ಟೀ ಚಮಚ ಸೋಯಾ ಸಾಸ್. ಉಪ್ಪು ಅದರಲ್ಲೇ ಇದೆ, ಬೇರೆ ಬೇಡ. ಇನ್ನೂ ಕಂದಾಗಲಿ ಎಂದು ಸುರಿಯುತ್ತ ಹೋದರೆ ಅನ್ನ ಉಪ್ಪಾಗುತ್ತದೆ, ನೀರಾಗಿ ಕಾಳು ಬಿಟ್ಟುಕೊಳ್ಳುತ್ತದೆ. ತಿಳಿ ಕಂದು ಸಾಕು, ಪಕ್ಕದ ಬಿಳಿ ಮೂತಿ ಅದನ್ನು ಗಾಢವಾಗಿ ತೋರಿಸುತ್ತದೆ. ಹಳದಿ ಬೇಕಾದರೆ ಬೆಂದ ಮೊಟ್ಟೆಯ ಹಳದಿ ಭಾಗವನ್ನು ಜರಡಿಯಲ್ಲಿ ಉಜ್ಜಿ ಬೆರೆಸಿ. ಅರಿಶಿನವಾದರೆ ಒಂದು ಚಿಟಿಕೆಗಿಂತ ಹೆಚ್ಚು ಬೇಡ, ಕಹಿಯಾಗುತ್ತದೆ. ಗುಲಾಬಿಗೆ ಬೀಟ್‌ರೂಟ್ ರಸ, ಆದರೆ ಅನ್ನ ಬೆಂದ ಮೇಲೆ ಹನಿ ಹನಿಯಾಗಿ. ಅದರ ಬಣ್ಣ ಬೇಯಿಸಿದರೆ ಮಾಸುತ್ತದೆ, ಪಕ್ಕದ ಬಿಳಿ ಅನ್ನಕ್ಕೂ ಹರಿಯುತ್ತದೆ. ನೀಲಿಗೆ ಶಂಖಪುಷ್ಪದ ಹೂವನ್ನು ಬಿಸಿನೀರಲ್ಲಿ ನೆನೆಸಿದ ನೀರು. ಹುಳಿ ತಗುಲಿದರೆ ನೀಲಿ ನೇರಳೆಯಾಗುತ್ತದೆ, ಆದ್ದರಿಂದ ನೀಲಿ ಅನ್ನದ ಪಕ್ಕದಲ್ಲಿ ನಿಂಬೆ ಹಿಂಡಿದ ಪಲ್ಯ ಇಡಬಾರದು. ನೇರಳೆ ಎಲೆಕೋಸಿನ ರಸಕ್ಕೂ ಇದೇ ಸ್ವಭಾವ.

ಆಕಾರ ಕೊಡುವುದು ಕೈಗೆ ತಡೆಯುವಷ್ಟು ಬಿಸಿ ಇರುವಾಗ, ಕ್ಲಿಂಗ್ ಫಿಲ್ಮಿನೊಳಗೆ. ತಣ್ಣಗಾದ ಅನ್ನ ಕೂಡಿಕೊಳ್ಳದೆ ಬಿರುಕು ಬಿಡುತ್ತದೆ. ಅನ್ನವನ್ನು ಫಿಲ್ಮಿನ ನಡುವಿಗಿಟ್ಟು ನಾಲ್ಕೂ ಮೂಲೆ ಸೇರಿಸಿ ತಿರುಚಿ, ಮೊದಲು ಗಟ್ಟಿಯಾಗಿ ಹಿಂಡಿ, ಆಮೇಲೆ ಬಿಲ್ಲೆ ಮಾಡಿ. ಬರಿಗೈ ಬೇಡ ಎನ್ನುವುದು ಬರೀ ಅಂಟಿನ ಮಾತಲ್ಲ. ಕೈಚರ್ಮದಲ್ಲಿರುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿದಿರುತ್ತವೆ, ಅನ್ನ ಬೆಚ್ಚಗೆ ಬಹಳ ಹೊತ್ತು ಕೂತರೆ ಮೊಳೆಯುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು. ಈ ಕಸುಬಿನ ತೊಡಕೇ ಇದು. ಬೇರೆ ಯಾವ ಬುತ್ತಿಯನ್ನೂ ಉಗುರುಬೆಚ್ಚಗಿರುವಾಗ ಇಷ್ಟು ಹೊತ್ತು ತಡಕಾಡುವುದಿಲ್ಲ. ಹಾಗಾಗಿ ಬೆಳಗಿನ ಕೈಕೆಲಸ ಇಪ್ಪತ್ತು ನಿಮಿಷ ದಾಟಬಾರದು. ದಾಟುತ್ತದೆಂದರೆ ಚಿತ್ರವನ್ನೇ ಸರಳ ಮಾಡಿ.

ರಾತ್ರಿಯೇ ಅನ್ನದ ತಲೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಆಗದೇ? ಆಗದು. ತಣ್ಣಗಿನಲ್ಲಿ ಅನ್ನದ ಪಿಷ್ಟ ಗಟ್ಟಿಯಾಗಿ ಕಾಳು ಕಾಳು ಬೇರೆಯಾಗುತ್ತದೆ, ಬೆಳಗ್ಗೆ ಬಿಸಿ ಮಾಡಿದರೆ ಆಕಾರ ಹೋಗುತ್ತದೆ. ರಾತ್ರಿ ಮಾಡಬಹುದಾದದ್ದು ಅಲಂಕಾರ: ನೋರಿ ಕತ್ತರಿಸುವುದು, ಕ್ಯಾರೆಟ್ ಹೂವು, ಮೊಟ್ಟೆಯ ಹಾಳೆ.

ಮೊಟ್ಟೆಯ ಹಾಳೆಗೆ ಒಂದು ಮೊಟ್ಟೆ, ಅರ್ಧ ಟೀ ಚಮಚ ಕಾರ್ನ್‌ಫ್ಲೋರ್, ಅದನ್ನು ಕರಗಿಸಲು ಒಂದು ಟೀ ಚಮಚ ನೀರು, ಚಿಟಿಕೆ ಉಪ್ಪು. ನೊರೆ ಬಾರದಂತೆ ಕಲಸಿ, ಸೋಸಲೇಬೇಕು. ಸೋಸದಿದ್ದರೆ ಬಿಳಿಯ ಎಳೆಗಳು ಹಳದಿಯಲ್ಲಿ ಕಲೆಯಾಗಿ ನಿಲ್ಲುತ್ತವೆ. 20 ಸೆಂ.ಮೀ. ತವೆಗೆ ಎಣ್ಣೆ ಸವರಿ ಒರೆಸಿ, ಸಣ್ಣ ಉರಿಯಲ್ಲಿ ಹೊಯ್ದು, ಮೇಲ್ಮೈ ಗಟ್ಟಿಯಾದೊಡನೆ ತಿರುವಿ, ಎರಡೂ ಬದಿ ಪೂರ್ತಿ ಬೇಯಿಸಿ. ಗುಳ್ಳೆ ಎದ್ದರೆ ಉರಿ ಹೆಚ್ಚು, ಮಡಿಸಿದಾಗ ಹರಿದರೆ ಕಾರ್ನ್‌ಫ್ಲೋರ್ ಕಡಿಮೆ ಎಂದು ತಿಳಿಯಿರಿ. ಕರಡಿಗೆ ಹೊದಿಸಿದ್ದು ಇದೇ ಹಾಳೆ, ಒಂದು ಅಂಚನ್ನು ಒಂದೂವರೆ ಸೆಂಟಿಮೀಟರ್ ಮಡಿಚಿ. ಕಂಬಳಿ ಹೊದ್ದ ಕರಡಿ ಹೊಸಬರಿಗೆ ಬಹಳ ಅನುಕೂಲ: ಕೈ, ಕಾಲು, ಹೊಟ್ಟೆ ಮಾಡುವ ಗೋಜೇ ಇಲ್ಲ!

ಇನ್ನು ಕಣ್ಣು. ನೋರಿಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಎರಡೂ ಕಣ್ಣು ಒಂದೇ ಅಳತೆಗೆ ಬರುತ್ತವೆ. ಸಣ್ಣ ಮೊನೆಯ ಕತ್ತರಿ ಇರಲಿ. ಕತ್ತರಿಯನ್ನು ತಿರುಗಿಸದೆ ನೋರಿಯನ್ನು ತಿರುಗಿಸುತ್ತ ಹೋದರೆ ವೃತ್ತ ದುಂಡಗೆ ಬರುತ್ತದೆ. ನೋರಿಗೆ ಆಕಾರ ಒತ್ತುವ ಪಂಚ್ ಬಳಸುವವರು ಹಾಳೆ ಮೆತ್ತಗಾಗಿದ್ದರೆ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆಂದು ನೆನಪಿಡಿ. ಒಣ ಬಾಣಲೆಯಲ್ಲಿ ಕೆಲವೇ ಕ್ಷಣ ಬೆಚ್ಚಗೆ ಮಾಡಿ ಆರಿಸಿದರೆ ಗರಿಗರಿಯಾಗುತ್ತದೆ. ಕತ್ತರಿಸಿದ ಚೂರುಗಳನ್ನು ಒಣ ಚಿಮಟದಲ್ಲಿ ಎತ್ತಬೇಕು. ಬೆರಳಿಗೆ ಅಂಟಿದ ಕಣ್ಣು ಬೆರಳಲ್ಲೇ ಉಳಿಯುತ್ತದೆ.

ನೋರಿಯನ್ನು ನೇರವಾಗಿ ಅನ್ನದ ಮೇಲಿಡುವ ಬದಲು ಚೀಸ್ ಸ್ಲೈಸಿನ ಮೇಲಿಟ್ಟು, ಸುತ್ತ ಒಂದು ಮಿಲಿಮೀಟರ್ ಬಿಟ್ಟು ಚೀಸನ್ನೂ ಕತ್ತರಿಸಿ, ಎರಡನ್ನೂ ಜೋಡಿಯಾಗಿ ಅಂಟಿಸಿದರೆ ಅನ್ನದ ಪಸೆ ನೋರಿಗೆ ಬೇಗ ತಲುಪುವುದಿಲ್ಲ. ಇಂದು ಬಲಗಣ್ಣಿಗೆ ಚೀಸ್ ಇತ್ತು, ಎಡಗಣ್ಣಿಗೆ ಇರಲಿಲ್ಲ. ವ್ಯತ್ಯಾಸ ಕಾಣಲೆಂದೇ ಹಾಗೆ ಮಾಡಿದ್ದು, ಕಂಡಿತು ಕೂಡ. ಚೀಸ್ ಕತ್ತರಿಸಲು ಚಾಕು ಬೇಡ, ಟೂತ್‌ಪಿಕ್ ಸಾಕು. ಮಾದರಿಯನ್ನು ಬಟರ್ ಪೇಪರಿನಲ್ಲಿ ಬರೆದು ಕತ್ತರಿಸಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಸ್ಲೈಸಿನ ಮೇಲಿಟ್ಟು ಅಂಚಿನುದ್ದಕ್ಕೂ ಎಳೆಯಿರಿ. ಸಣ್ಣ ವೃತ್ತಕ್ಕೆ ಸ್ಟ್ರಾ ಒತ್ತಿದರೆ ಆಯಿತು. ಸ್ಟ್ರಾವನ್ನು ಸ್ವಲ್ಪ ಅದುಮಿ ಹಿಡಿದರೆ ಅಂಡಾಕಾರ. ಅಂಟಿಗೆ ಟೂತ್‌ಪಿಕ್ ತುದಿಯಷ್ಟು ಮಯೋನೀಸ್, ಅದಕ್ಕಿಂತ ಹೆಚ್ಚಾದರೆ ಕಣ್ಣು ಜಾರಿ ಕೆನ್ನೆಗೆ ಬರುತ್ತದೆ.

ಕಣ್ಣನ್ನು ಎಲ್ಲಿಡಬೇಕು ಎಂಬುದಕ್ಕೆ ಬೇಕಾದರೆ ಶಾಸ್ತ್ರವೂ ಇದೆ. ದೊಡ್ಡ ತಲೆ, ಅಗಲ ಹಣೆ, ಕೆಳಗಿಳಿದ ದೊಡ್ಡ ಕಣ್ಣು ಕಂಡರೆ ಮುದ್ದು ಉಕ್ಕುತ್ತದೆ ಎಂದು ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಬರೆದಿದ್ದ. ಮುಖದ ಅರ್ಧ ಗೆರೆಗಿಂತ ಕೆಳಗೆ, ಪರಸ್ಪರ ದೂರವಾಗಿ ಕಣ್ಣಿಡಿ. ಮೇಲಿಟ್ಟರೆ ಮರಿ ಹೋಗಿ ದೊಡ್ಡ ಕರಡಿಯಾಗುತ್ತದೆ, ಹತ್ತಿರ ಇಟ್ಟರೆ ಕುತಂತ್ರಿಯಂತೆ ಕಾಣುತ್ತದೆ. ಹೆಸರಿರುವ ಪಾತ್ರಗಳಲ್ಲಿ ಇದು ಇನ್ನೂ ಕಠಿಣ. 1974ರಲ್ಲಿ ಸ್ಯಾನ್ರಿಯೊ ಎಂಬ ಜಪಾನಿ ಕಂಪನಿಯಲ್ಲಿ ಹುಟ್ಟಿದ ಹಲೋ ಕಿಟ್ಟಿಗೆ ಬಾಯಿಯೇ ಇಲ್ಲ. ಎರಡು ಅಂಡಾಕಾರದ ಕಣ್ಣು, ಹಳದಿ ಮೂಗು, ಆರು ಮೀಸೆ, ಅವಳ ಎಡಗಿವಿಗೆ ರಿಬ್ಬನ್ನಿನ ಬೋ, ಅಂದರೆ ನಮಗೆ ಬಲಗಡೆ. ತುಂಡುಗಳು ಕಡಿಮೆ ಎಂದು ಸುಲಭ ಅನ್ನಿಸಬಹುದು. ಆದರೆ ತಲೆ ಅಗಲಕ್ಕೆ ಬದಲು ದುಂಡಗಾದರೆ, ಬೋ ಆಚೆ ಬದಿಗೆ ಹೋದರೆ, ಮಗು ಮುಚ್ಚಳ ತೆಗೆದ ಕ್ಷಣವೇ ಪತ್ತೆ ಹಚ್ಚುತ್ತದೆ. ಹೆಸರಿಲ್ಲದ ಕರಡಿಯಾದರೆ ಯಾರೂ ತಪ್ಪು ಹುಡುಕುವುದಿಲ್ಲ.

ಕಿವಿ ನಿಲ್ಲಿಸಲು ಹಸಿ ಸ್ಪಗೆಟಿ ಕಡ್ಡಿಯ ಒಂದೂವರೆ ಸೆಂಟಿಮೀಟರ್ ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ತಲೆಗೆ. ಅನ್ನದ ಪಸೆ ಹೀರಿ ಕೆಲವು ಗಂಟೆಗಳಲ್ಲಿ ಅದೇ ಮೆತ್ತಗಾಗುತ್ತದೆ. ಎಣ್ಣೆಯಲ್ಲಿ ಕರಿದಿಟ್ಟುಕೊಂಡರೆ ಹಾಗೇ ತಿನ್ನಬಹುದು. ಟೂತ್‌ಪಿಕ್ಕನ್ನು ಒಳಗೆ ಬಿಟ್ಟು ಕಳಿಸುವುದು ಚಿಕ್ಕ ಮಕ್ಕಳ ಡಬ್ಬಿಯಲ್ಲಿ ಎಂದೂ ಕೂಡದು. ಇಡೀ ದ್ರಾಕ್ಷಿ, ಚೆರ್ರಿ ಟೊಮೆಟೊ, ಕ್ವೇಲ್ ಹಕ್ಕಿಯ ಮೊಟ್ಟೆಯೂ ಅಷ್ಟೇ. ತಲೆಗೋ ಕಣ್ಣಿಗೋ ಅಳತೆಗೆ ಸರಿಯಾಗಿ ಸಿಗುತ್ತವೆ, ನಿಜ. ಗಂಟಲಿಗೂ ಅಷ್ಟೇ ಸರಿಯಾಗಿ ಕೂರುತ್ತವೆ. ಐದು ವರ್ಷದೊಳಗಿನವರಿಗೆ ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ. ಸಾಸೇಜನ್ನು ಅಡ್ಡಡ್ಡ ಬಿಲ್ಲೆ ಮಾಡಬೇಡಿ.

ಕ್ಯಾರೆಟ್: 5 ಮಿ.ಮೀ. ಬಿಲ್ಲೆ, ಎರಡು ನಿಮಿಷ ಕುದಿಸಿ ಆಮೇಲೆ ಅಚ್ಚು ಒತ್ತಿ. ಹಸಿದಕ್ಕೇ ಒತ್ತಿದರೆ ಎಸಳು ಸೀಳುತ್ತದೆ. ಬ್ರಾಕೊಲಿಯನ್ನು ಹೂವು ಕೆಳಗೆ ಮಾಡಿ ಬಟ್ಟೆಯ ಮೇಲೆ ಬಸಿಯಲು ಬಿಡಿ. ಅದರ ಹೂವಿನೊಳಗೆ ನಿಂತ ನೀರೇ ಇಡೀ ಡಬ್ಬಿಗೆ ಪಸೆ ಹಂಚುವುದು.

ಜೋಡಿಸುವ ಕ್ರಮ: ತಲೆ ಮೊದಲು, ಆಮೇಲೆ ಕಂಬಳಿ, ಕೊನೆಗೆ ಸಂದುಗಳಿಗೆ ಬ್ರಾಕೊಲಿ. ಡಬ್ಬಿಯನ್ನು ಓರೆ ಹಿಡಿದು ಮೆಲ್ಲಗೆ ಅಲುಗಿಸಿ. ಏನಾದರೂ ಕದಲಿದರೆ ಅಲ್ಲಿ ಇನ್ನೊಂದು ತುಂಡು ಬೇಕು. ಎಲ್ಲ ಕೂತ ಮೇಲೆ, ಎಲ್ಲ ತಣಿದ ಮೇಲೆ, ಕಣ್ಣು ಮೂಗು. ಮೂತಿಯೇ ಅತಿ ಎತ್ತರದ ಜಾಗ, ಅದಕ್ಕೂ ಮುಚ್ಚಳಕ್ಕೂ ನಡುವೆ ಅರ್ಧ ಸೆಂಟಿಮೀಟರ್ ಇರಲಿ. ಇಲ್ಲವಾದರೆ ಮೂಗು ಮುಚ್ಚಳಕ್ಕೆ ಅಂಟಿಕೊಂಡು ಹೊರಡುತ್ತದೆ.

ಮಗು ಒಲ್ಲದ ತರಕಾರಿಯನ್ನು ಮುಖದೊಳಗೆ ಅಡಗಿಸುವುದು ಬೇಡ. ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ಕರಡಿಯನ್ನೂ ಕೆದಕಿ ನೋಡಿಯೇ ತಿನ್ನುತ್ತದೆ. ಅದನ್ನು ಪಕ್ಕದಲ್ಲಿ, ಕಾಣುವಂತೆ, ಒಂದೇ ತುಂಡು ಇಡಿ.

ನಾಳೆಗೆ: ಬ್ರೆಡ್ಡಿನ ಮೊಲ. ರಾತ್ರಿ ನೋರಿಯ ನಾಲ್ಕು ಕಣ್ಣು (ಎರಡು ಹೆಚ್ಚುವರಿ) ಕತ್ತರಿಸಿ ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿ ಇಟ್ಟಾಗಿದೆ. ಬ್ರೆಡ್ಡಿನ ಒಳಬದಿ ಎರಡಕ್ಕೂ ಅಂಚಿನವರೆಗೆ ಬೆಣ್ಣೆ ಸವರಬೇಕು, ಸೌತೆಕಾಯಿಯ ತಿರುಳು ತೆಗೆದು ಒರೆಸಬೇಕು. ಸೇಬಿನ ಹೋಳು ಕಂದಾಗದಂತೆ 200 ಮಿಲಿ ನೀರಿಗೆ ಒಂದು ಗ್ರಾಂ ಉಪ್ಪು, ಐದು ನಿಮಿಷ.