ಸೈನೈಡ್ ದಿಬ್ಬದ ಹುಡಿಗೆ ಉಂಡೆ ಕಟ್ಟುವುದು

9 ಮಾರ್ಚ್ 2024, ಶನಿವಾರ

ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಚಿನ್ನ ತೆಗೆದ ಮೇಲೆ ಉಳಿದ ಅರೆದ ಅದಿರಿನ ಹುಡಿರಾಶಿಗಳು, ಅಂದರೆ ಸೈನೈಡ್ ದಿಬ್ಬಗಳು ಮಾತ್ರ ಹಾಗೇ ನಿಂತಿವೆ. ಟನ್ನಿಗೆ 0.8 ಗ್ರಾಂ ಎಂದು ಹಿಡಿದರೆ, ಒಂದು ಟನ್ ಹುಡಿಯಲ್ಲಿರುವ ಚಿನ್ನದ ಗಾತ್ರ ಹೆಚ್ಚುಕಮ್ಮಿ ತೊಗರಿಬೇಳೆಯ ಒಂದು ಕಾಳು. ಇಷ್ಟಕ್ಕೆ ಮತ್ತೆ ಅರೆಯುವ ಖರ್ಚು ಗಿಟ್ಟುವುದಿಲ್ಲ. ರಾಶಿ ಹಾಕಿ ಮೇಲಿಂದ, ಚಿನ್ನವನ್ನು ಕರಗಿಸುವ ಸೈನೈಡ್ ನೀರು ಹನಿಸುವುದೇ ಅಗ್ಗದ ದಾರಿ.

ತೊಡಕು ಚಿನ್ನದ್ದಲ್ಲ, ನೀರಿನದು. ಈಗಾಗಲೇ ನುಣ್ಣಗೆ ಅರೆದ ಹುಡಿಯಲ್ಲಿ ನೀರು ಇಳಿಯುವುದಿಲ್ಲ. ಮೇಲೆ ಕೆಸರಾಗಿ ನಿಲ್ಲುತ್ತದೆ, ಇಲ್ಲವೇ ಒಂದೇ ಬಿರುಕು ಹಿಡಿದು ಜಾರಿಹೋಗುತ್ತದೆ. ಅದಕ್ಕೇ ಹುಡಿಗೆ ಸಿಮೆಂಟು ಬೆರೆಸಿ ಸಣ್ಣ ಉಂಡೆ ಕಟ್ಟಬೇಕು, ಉಂಡೆಗಳ ನಡುವಿನ ಸಂದಿಯಲ್ಲಿ ನೀರು ಇಳಿಯುತ್ತದೆ.

ಇದನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಲು 150 ಮಿ.ಮೀ. ವ್ಯಾಸದ, 2 ಮೀಟರ್ ತುಂಬುವ ಪಿವಿಸಿ ಪೈಪು ಸಾಕು. ಸುಮಾರು 50 ಕಿಲೋ ಹಿಡಿಯುತ್ತದೆ. ಟನ್ನಿಗೆ 8 ಕಿಲೋ ಲೆಕ್ಕದಲ್ಲಿ 400 ಗ್ರಾಂ ಸಿಮೆಂಟನ್ನು ಒಣಹುಡಿಗೇ ಬೆರೆಸಬೇಕು, ಆಮೇಲೆ ಸುಣ್ಣ. ಗಾಳಿಮಳೆಗೆ ಬಿದ್ದ ಹಳೇ ದಿಬ್ಬದಲ್ಲಿ ಗಂಧಕದ ಖನಿಜವಾದ ಸಲ್ಫೈಡ್ ಹುಳಿಗಟ್ಟಿರುತ್ತದೆ, ಆ ಹುಳಿಯನ್ನು ಸುಣ್ಣ ತಣಿಸಬೇಕು, ಹಾಗಾಗಿ ಸುಣ್ಣದ ಅಳತೆಯನ್ನು ಊಹೆಯಿಂದ ಹಾಕದೆ ಮೊದಲು ಚಿಕ್ಕ ಮಾದರಿಯಲ್ಲಿ ನೋಡಿಕೊಳ್ಳಬೇಕು. ಡ್ರಮ್ಮು ಉರುಳಿಸುತ್ತಾ ನೀರು ಚಿಮುಕಿಸಿ. ತೇವ ನೂರಕ್ಕೆ 10ರಿಂದ 15. ಕಮ್ಮಿಯಾದರೆ ಹುಡಿ ಹುಡಿಯಾಗೇ ಉಳಿಯುತ್ತದೆ, ಹೆಚ್ಚಾದರೆ ಅಂಬಲಿ. ಎರಡು ಮೂರು ದಿನ ಪ್ಲಾಸ್ಟಿಕ್ ಮುಚ್ಚಿ ಇಡಿ, ಒಣಗಲು ಬಿಡಬೇಡಿ. ಆಮೇಲೆ ನಾಲ್ಕು ಉಂಡೆಯನ್ನು ಜರಡಿಯಲ್ಲಿಟ್ಟು ಸುಣ್ಣದ ತಿಳಿನೀರಿನಲ್ಲಿ ಹತ್ತು ನಿಮಿಷ ಅದ್ದಿ. ಕರಗಿದರೆ ಪೈಪು ತುಂಬುವ ಶ್ರಮ ವ್ಯರ್ಥ. ಸಿಮೆಂಟು ಹೆಚ್ಚಿಸಿ ಮತ್ತೆ ಮಾಡಿ. ತುಂಬುವಾಗ ಮೇಲಿಂದ ಸುರಿಯದೆ ಡಬ್ಬಿಯನ್ನು ಒಳಗಿಳಿಸಿ ಮಗುಚಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ದ್ರಾವಣದಲ್ಲಿ ಸುಣ್ಣ ಮೊದಲು, ಸೈನೈಡ್ ಆಮೇಲೆ. ಪಿಎಚ್ 10.5 ದಾಟಿದ ಮೇಲೆ ಲೀಟರಿಗೆ ಅರ್ಧ ಗ್ರಾಂ ಸೋಡಿಯಂ ಸೈನೈಡ್. ಪಿಎಚ್ 9.2ಕ್ಕೆ ಇಳಿದರೆ ಅರ್ಧಕ್ಕರ್ಧ ಹೈಡ್ರೋಜನ್ ಸೈನೈಡ್ ಆಗಿಬಿಡುತ್ತದೆ, ಅದು ವಿಷಾನಿಲವಾಗಿ ಮೇಲೇಳುತ್ತದೆ. ಬಾದಾಮಿ ವಾಸನೆ ಬಂದಾಗ ನೋಡೋಣ ಎಂದು ಕೂರಬಾರದು. ಎಷ್ಟೋ ಜನರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಅನುಮತಿ ಇರುವ ಪ್ರಯೋಗಾಲಯದ ಹೊರಗೆ ಇದಕ್ಕೆ ಕೈಹಾಕಬಾರದು.

ದ್ರಾವಣ ಹನಿಸುವ ವೇಗ ಚದರ ಮೀಟರಿಗೆ ಗಂಟೆಗೆ 10 ಲೀಟರ್ ಎಂದರೆ ಈ ಪೈಪಿಗೆ ನಿಮಿಷಕ್ಕೆ 3 ಮಿಲಿ, ದಿನಕ್ಕೆ ನಾಲ್ಕು ಲೀಟರ್ ಚಿಲ್ಲರೆ. ಕೆಳಗೆ ಮೊದಲ ಹನಿ ಕಾಣಲು ಒಂದೆರಡು ದಿನ ಹಿಡಿದರೆ ಗಾಬರಿ ಬೇಡ.

ಈಗ ಲೆಕ್ಕ. 50 ಕಿಲೋದಲ್ಲಿರುವುದೇ 40 ಮಿಲಿಗ್ರಾಂ. 45 ದಿನದಲ್ಲಿ 25 ಮಿಲಿಗ್ರಾಂ ಬಂದರೂ ಸುಮಾರು 190 ಲೀಟರಿಗೆ ಹಂಚಿಹೋಗಿ ಲೀಟರಿಗೆ ಸರಾಸರಿ 0.13 ಮಿಲಿಗ್ರಾಂ. ದಿನದಿನದ ಓದುಗಳನ್ನು ಕೂಡಿಸುತ್ತಾ ಹೋದರೆ ತಪ್ಪುಗಳೂ ಕೂಡುತ್ತವೆ. ಬದಲಿಗೆ ಕೆಳಗಿಳಿದ ನೀರನ್ನೆಲ್ಲ, ಚಿನ್ನವನ್ನು ಹಿಡಿದಿಡುವ ತೆಂಗಿನಚಿಪ್ಪಿನ 100 ಗ್ರಾಂ ಇದ್ದಿಲಿನ ಮೂಲಕ ಹರಿಸಿ, ಕೊನೆಗೆ ಆ ಇದ್ದಿಲನ್ನೇ ಸುಟ್ಟು ಪರೀಕ್ಷಿಸಿ. ಅಲ್ಲಿ ಅದೇ ಚಿನ್ನ ಟನ್ನಿಗೆ 250 ಗ್ರಾಂ ಮಟ್ಟದಲ್ಲಿ ಸಿಗುತ್ತದೆ, ಓದು ತಪ್ಪುವ ಸಾಧ್ಯತೆ ಕಮ್ಮಿ.

ಮುಗಿದ ಮೇಲೆ ಪೈಪನ್ನು ನೀರಿನಿಂದ ತೊಳೆದು, ಉಳಿದ ಹುಡಿಯನ್ನು ಮೇಲಿನದು, ನಡುವಿನದು, ಕೆಳಗಿನದು ಎಂದು ಬೇರೆಬೇರೆಯಾಗಿ ತೆಗೆಯಿರಿ. ನಡುವಿನ ಮಾದರಿಯಲ್ಲಿ ಮಾತ್ರ ಚಿನ್ನ ಉಳಿದಿದ್ದರೆ ಸೈನೈಡನ್ನು ದೂರಬೇಡಿ, ಅಲ್ಲಿಗೆ ನೀರು ಮುಟ್ಟಿಲ್ಲ.